ಕಟ್ಟಿದ ಪದ, ಬಂದ ಪದ

ನಮ್ಮ ಕಡೆ ಹಾಡಿಗೆ ಪದ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ: ಬಂದ ಪದ, ಕಟ್ಟಿದ ಪದ. ಬಂದ ಪದಕ್ಕೆ ಕಟ್ಟಿದವರು ಇಲ್ಲ. ಅತ್ತೆಯಿಂದ ಸೊಸೆಗೆ, ತವರಿನಿಂದ ಗಂಡನ ಮನೆಗೆ ಅದು ಬಂದಿರುತ್ತದೆ, ಅಷ್ಟೇ. ಕಟ್ಟಿದ ಪದದ ಹಿಂದೆ ಒಬ್ಬರು ಇರುತ್ತಾರೆ. ಅವರು ಊಟ ಮಾಡುತ್ತಾರೆ, ಜಗಳ ಆಡುತ್ತಾರೆ, ಅವರ ಮೇಲೆ ಯಾರಿಗಾದರೂ ಸಿಟ್ಟಿರುತ್ತದೆ. ಆದ್ದರಿಂದ ಮದುವಣಗಿತ್ತಿಯನ್ನು ಹಸೆಮಣೆಯ ಮೇಲೆ ಕೂರಿಸಿ ಅರಿಸಿನ ಹಚ್ಚುವಾಗ ಬಂದ ಪದವನ್ನೇ ಹೇಳಬೇಕು. ಕಟ್ಟಿದ ಪದ ನಾಟಕಕ್ಕೆ, ಭಜನೆಗೆ, ಚುನಾವಣೆಯ ಜೀಪಿಗೆ. ಹಸೆಗೆ ಅಲ್ಲ.

ಈ ನಿಯಮವನ್ನು ಯಾರೂ ನನಗೆ ಹೀಗೆ ಬಿಡಿಸಿ ಹೇಳಿದ್ದಿಲ್ಲ. ಈಗ ಬರೆಯಲು ಕೂತಾಗ ನಾನೇ ಬಿಡಿಸಿದ್ದೇನೆ, ಬಿಡಿಸಿದ್ದರಿಂದಲೇ ಅದು ಸ್ವಲ್ಪ ಸುಳ್ಳಾಗಿದೆ. ಹಳೆಯದನ್ನೆಲ್ಲ ಇಸ್ತ್ರಿ ಮಾಡಿದ ಸೀರೆಯ ಹಾಗೆ ಮಡಿಕೆ ಕೆಡದಂತೆ ತೆಗೆದು ತೋರಿಸುವವರನ್ನು ಕಂಡರೆ ನನಗೆ ಅನುಮಾನ. ಇಲ್ಲಿ ಬರುವ ಒಂದೆರಡು ಸಂಗತಿ ಹಾಗೆ ಆಗಲೇ ಇಲ್ಲ ಎನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಅವರು ಅವರದನ್ನು ಬರೆದುಕೊಳ್ಳಲಿ.

ನಾನು ಹುಟ್ಟಿದ್ದು ಯಗಟಿಯ ಹತ್ತಿರ, ಓದಿದ್ದು ಕಡೂರಿನಲ್ಲಿ. ಸಂಜೆಯ ಬಸ್ಸು ಬರುವ ತನಕ ಹೆಣ್ಣುಮಕ್ಕಳು ಕೂರಬಹುದಾದ ಜಾಗ ಆ ಊರಲ್ಲಿ ಲೈಬ್ರರಿ ಒಂದೇ. ಅಲ್ಲಿ ಹೊಸ ಕಾಲದ ಕವಿತೆಗಳನ್ನು ಓದಿ ತಲೆ ಕೆಡಿಸಿಕೊಂಡೆ. ಪ್ರಾಸ ಇಲ್ಲ, ಸಾಲು ನಡುವೆಯೇ ನಿಲ್ಲುತ್ತದೆ, ಕೊನೆಯಲ್ಲಿ ಯಾರೂ ಯಾರನ್ನೂ ಹರಸುವುದಿಲ್ಲ. ನಾನೂ ಹಾಗೇ ಬರೆಯಬೇಕು ಅನ್ನಿಸಿತು. ಆದರೆ ನನ್ನ ಸುತ್ತ ಓದುವವರು ಇರಲಿಲ್ಲ, ಹಾಡುವವರು ಇದ್ದರು. ಹಾಗಾಗಿ ಕವಿತೆಯನ್ನು ಬಿಟ್ಟು ಪದ ಹಿಡಿದೆ. ಇದನ್ನು ತ್ಯಾಗ ಎಂದು ಯಾರೂ ತಿಳಿಯಬೇಡಿ. ನನಗೆ ಕೇಳುವವರು ಬೇಕಿತ್ತು.

ಎಪ್ಪತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಅಜ್ಜಂಪುರಕ್ಕೆ ಬಂದೆ. ಗಂಡನಿಗೆ ಈರುಳ್ಳಿ ವ್ಯಾಪಾರ. ಅತ್ತೆಮ್ಮ ಊರಿನ ಸೋಬಾನೆ ಹೆಂಗಸರ ಮುಂದಾಳು. ಸೋಬಾನೆ ಎಂದರೆ ಮದುವೆಯ ಪದ. ಒಬ್ಬಳು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಎತ್ತಿಕೊಡುವವಳು ಅತ್ತೆಮ್ಮ. ನೆರೆಹಳ್ಳಿಯ ಮದುವೆಗಳಿಗೂ ಅವರನ್ನು ಗಾಡಿ ಕಳಿಸಿ ಕರೆಸುತ್ತಿದ್ದರು.

ನಾನು ಮೊದಲು ಕಟ್ಟಿದ ಪದಕ್ಕೆ ಪ್ರಾಸ ಇರಲಿಲ್ಲ, ಪಲ್ಲವಿ ಇರಲಿಲ್ಲ, ಲೈಬ್ರರಿಯ ಪಾಠವೆಲ್ಲ ಇತ್ತು. ಈರುಳ್ಳಿ ಬಿಡಿಸುತ್ತಾ ಕೂತಿದ್ದ ಹೆಂಗಸರಿಗೆ ಹೇಳಿ ತೋರಿಸಿದೆ. ಒಬ್ಬಳು ಕೇಳಿಯೇಬಿಟ್ಟಳು, “ಇದೇನೇ ಇದು, ಎಲ್ಲಿ ಹಿಡ್ಕಮದು ಇದನ್ನ? ಬಾಲನೂ ಇಲ್ಲ, ಕೊಂಬೂ ಇಲ್ಲ.” ಇನ್ನೊಬ್ಬಳು, “ಓದ್ದೋರ್ದು ಕಣೇ, ಹಂಗೇ ಇರ್ತದೆ, ಸುಮ್ನೆ ಕೇಳು” ಎಂದಳು. ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. ಅವರು ನಕ್ಕಿದ್ದಕ್ಕೆ ಗಿಳಿ, ಮುತ್ತು, ಮಲ್ಲಿಗೆಗೆ ಹಿಂತಿರುಗಲು ನಾನು ತಯಾರಿರಲಿಲ್ಲ. ಆದರೆ ಹಿಡಿಯಲು ಏನೂ ಸಿಗದ ಪದವನ್ನು ಯಾರೂ ಹಾಡುವುದಿಲ್ಲ ಎನ್ನುವುದೂ ನಿಜವಾಗಿತ್ತು. ಗಿಳಿಯಿಲ್ಲದೆ ಹಿಡಿ ಕೊಡುವುದು ಹೇಗೆ?

ಆ ವರ್ಷಗಳಲ್ಲಿ ಯಾವ ಮದುವೆಗೆ ಹೋದರೂ ನಾನು ಹಸೆಯ ಹತ್ತಿರ ಕೂರಲಿಲ್ಲ. ಹಿತ್ತಲಲ್ಲಿ ಅನ್ನ ಬಸಿಯುವ ಒಲೆಯ ಪಕ್ಕ ನಿಂತು ಕೇಳಿದೆ. ಅಷ್ಟು ದೂರಕ್ಕೆ, ಆ ಗದ್ದಲದಲ್ಲಿ, ಪದದ ಯಾವ ತುಂಡು ಬಂದು ಮುಟ್ಟುತ್ತದೆ ಎಂದು ನೋಡಬೇಕಿತ್ತು. ಸಾಲಿನ ಮೊದಲರ್ಧ ಪಾತ್ರೆಗಳ ಸದ್ದಿನಲ್ಲಿ ಹೋಗಿಬಿಡುತ್ತದೆ, ಕೊನೆಯರ್ಧ ಉಳಿಯುತ್ತದೆ. ಆದ್ದರಿಂದ ಹೇಳಬೇಕಾದ್ದನ್ನು ಕೊನೆಗೆ ಇಡಬೇಕು. ಸಾಲು ಉದ್ದ ಸ್ವರದಲ್ಲಿ ಮುಗಿಯಬೇಕು, ಇಲ್ಲದಿದ್ದರೆ ಹಿಂದೆ ಹೇಳುವವರಿಗೆ ಎತ್ತಿಕೊಳ್ಳಲು ಬರುವುದಿಲ್ಲ. ಒತ್ತಕ್ಷರ ಎರಡು ಒಟ್ಟಿಗೆ ಬಂದರೆ ಹಲ್ಲಿಲ್ಲದ ಅಜ್ಜಿಯರು ಆ ಸಾಲನ್ನು ನುಂಗಿಬಿಡುತ್ತಾರೆ. ಇದನ್ನೆಲ್ಲ ನನಗೆ ಲೈಬ್ರರಿ ಕಲಿಸಲಿಲ್ಲ. ಲೈಬ್ರರಿ ಕಲಿಸಿದ್ದು ಬೇರೆ: ಕಣ್ಣಿಗೆ ಬಿದ್ದ ಯಾವ ವಸ್ತುವನ್ನು ಬೇಕಾದರೂ ಪದದೊಳಗೆ ಕರೆಯಬಹುದು, ಯಾರ ಅಪ್ಪಣೆಯೂ ಬೇಡ ಎನ್ನುವುದು. ಎರಡನ್ನೂ ಇಟ್ಟುಕೊಂಡೆ.

ಆಮೇಲೆ ಕಟ್ಟಿದ್ದು ಹೊಸ್ತಿಲ ಪದ, ಮರೆತು ಮರೆತು ತಿರುಗಿ ಬರುವ ಮದುಮಗಳದು. ಗಂಡನ ಮನೆಗೆ ಹೊರಟ ಹುಡುಗಿ ಹೊಸ್ತಿಲು ದಾಟುತ್ತಾಳೆ, ಏನೋ ಮರೆತೆ ಎಂದು ಒಳಗೆ ಬರುತ್ತಾಳೆ. ಮತ್ತೆ ದಾಟುತ್ತಾಳೆ, ಮತ್ತೆ ಬರುತ್ತಾಳೆ.

ಹೊಸ್ತಿಲ ದಾಟ್ಯಾಳೆ, ತಿರುಗಿ ಬಂದಾಳೇ
ಏನ ಮರೆತ್ಯವ್ವ ನನ ಮಗಳೇ
ಬಾಚಣಿಗೆ ಮರೆತೆ ಹಡೆದವ್ವ ಗೂಡಲ್ಲೀ
ನನ ಕೂದಲೈತೆ ಅದರಾಗೇ

ಬಾಚಣಿಗೆ ಆದಮೇಲೆ ಸ್ಲೇಟು: ‘ಅರ್ಧ ಲೆಕ್ಕ ಐತೆ ಅದರಾಗೇ.’ ಸ್ಲೇಟು ಆದಮೇಲೆ ತರೀಕೆರೆ ಬಸ್ಸಿನ ಕಿಟಕಿಯ ಸೀಟಿಗೆ ಹಾಕಿ ಬಂದ ಟವಲು: ‘ನನ ಜಾಗ ಐತೆ ಕಿಟಕೀಲೇ.’ ಹೀಗೆ ಎಷ್ಟು ಬೇಕಾದರೂ ಮರೆಯಬಹುದು. ಪದಕ್ಕೆ ಕೊನೆ ಇಟ್ಟಿರಲಿಲ್ಲ. ಹುಡುಗಿ ಹೊರಟಳೋ ಇಲ್ಲವೋ ಪದ ಹೇಳುವುದಿಲ್ಲ. ಹೊರಟ ಹೆಣ್ಣು ತಿರುಗಿ ನೋಡಬಾರದು ಎನ್ನುವ ಊರಲ್ಲಿ ಅವಳನ್ನು ಮತ್ತೆ ಮತ್ತೆ ಒಳಗೆ ಕರೆತರುವ ಪದ ಅದು. ಬೇಕೆಂದೇ ಹಾಗೆ ಕಟ್ಟಿದ್ದೆ.

ಓಣಿಯ ಒಂದು ಮದುವೆಯಲ್ಲಿ, ಪದಗಳು ಮುಗಿದು ಅರಿಸಿನ ಇನ್ನೂ ಮುಗಿಯದಿದ್ದಾಗ, ಅತ್ತೆಮ್ಮ ನನ್ನ ಕಡೆ ನೋಡಿ “ನಿಂಗೇನಾರ ಬತ್ತದೇನೇ?” ಎಂದರು. ನಾನು ಎತ್ತಿಕೊಟ್ಟೆ. ಬಾಚಣಿಗೆಗೆ ಎಲ್ಲರೂ ಸುಮ್ಮನೆ ಹಿಂದೆ ಹೇಳಿದರು. ಸ್ಲೇಟಿಗೆ ಒಬ್ಬಿಬ್ಬರು ಕಣ್ಣೊರೆಸಿಕೊಂಡರು, ಬಸ್ಸಿನ ಟವಲಿಗೆ ಹಸೆಯ ಮೇಲಿದ್ದ ಹುಡುಗಿಯೇ ನಕ್ಕಳು. ಮುಗಿದಮೇಲೆ ಒಬ್ಬ ಮುದುಕಿ ಕೇಳಿದಳು, “ಯಾವೂರ್ ಪದವೇ ಇದು?” ನಾನು ಬಾಯಿ ತೆಗೆಯುವ ಮೊದಲೇ ಅತ್ತೆಮ್ಮ ಹೇಳಿದರು, “ಯಗಟಿ ಕಡೇದು. ಅವ್ರ ತವರಲ್ಲಿ ಹೇಳ್ತಾರೆ.”

ಅವರಿಗೆ ಗೊತ್ತಿತ್ತು. ನಾನು ಈರುಳ್ಳಿ ಚೀಲದ ಪಕ್ಕ ಕೂತು ಆ ಸಾಲುಗಳನ್ನು ಗುನುಗಿ ಗುನುಗಿ ಕೆಡಿಸಿ ಕಟ್ಟುತ್ತಿದ್ದುದನ್ನು ಅವರು ತಿಂಗಳುಗಟ್ಟಲೆ ಕೇಳಿದ್ದರು.

ಪದ ಓಡಾಡತೊಡಗಿತು. ಅಮೃತಾಪುರದ ಮದುವೆಯಲ್ಲಿ ಹೇಳಿದರಂತೆ, ದೇವನೂರಿನ ಕಡೆಗೂ ಹೋಯಿತಂತೆ. ನನಗೆ ಹೊಟ್ಟೆ ತುಂಬಿದ ಹಾಗೂ ಆಯಿತು, ಉರಿದ ಹಾಗೂ ಆಯಿತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಾಲೇಜಿನ ಮೇಷ್ಟ್ರೊಬ್ಬರು ಹಳ್ಳಿಯ ಪದಗಳನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದರು. ಅವರ ಟೇಪ್ ರೆಕಾರ್ಡರ್ ಒಂದು ಸೂಟ್‌ಕೇಸಿನಷ್ಟಿತ್ತು. ರೈಲಿನಿಂದ ಇಳಿದು ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಒಳ್ಳೆಯ ಮನುಷ್ಯ. ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ಎಲ್ಲರನ್ನೂ ತಾಯಿ ಎಂದು ಕರೆಯುತ್ತಾ, ಒಂದೊಂದು ಪದಕ್ಕೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೊಸ್ತಿಲ ಪದಕ್ಕೆ ಕಣ್ಣು ತೆರೆದರು.

“ಇದನ್ನ ಯಾರು ಕಲಿಸಿದ್ದು ತಾಯಿ?”

“ನಮ್ಮತ್ತೆ ಕಲ್ಸಿದ್ರು ಸ್ವಾಮಿ” ಎಂದರು ಅತ್ತೆಮ್ಮ. “ಅವ್ರಿಗೆ ಅವ್ರತ್ತೆ.”

“ನಾನು ಕಟ್ಟಿದ್ದು” ಎಂದೆ.

ಮೇಷ್ಟ್ರು ನನ್ನ ಕಡೆ ತಿರುಗಿ ಮೃದುವಾಗಿ ನಕ್ಕರು. “ಹಾಗನ್ನಿಸುತ್ತೆ ಅಮ್ಮ. ಚಿಕ್ಕಂದಿನಲ್ಲಿ ಕೇಳಿರ್ತೀರಿ, ಮರೆತಿರ್ತೀರಿ. ಮತ್ತೆ ನೆನಪಾದಾಗ ನಮ್ಮದೇ ಅನ್ನಿಸುತ್ತೆ.”

“ಸ್ಲೇಟೂ ಚಿಕ್ಕಂದಿಂದಾ? ಬಸ್ಸು? ಅತ್ತೆಮ್ಮನ ಅತ್ತೆಗೆ ಅತ್ತೆ ಯಾವ ಬಸ್ಸಿಗೆ ಟವಲ್ ಹಾಕಿದ್ರು?”

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮೇಷ್ಟ್ರು ನಗಲಿಲ್ಲ, ನಿಜವಾಗಿ ಯೋಚಿಸಿದರು. “ಅವೆರಡು ಆಮೇಲೆ ಸೇರಿಕೊಂಡಿವೆ. ಮೂಲ ಬಾಚಣಿಗೆಯದು. ಅಂಥ ಸಾಲು ಒಬ್ಬರು ಕೂತು ಕಟ್ಟುವುದಕ್ಕೆ ಆಗೋದಿಲ್ಲ ಅಮ್ಮ” ಎಂದರು. ನನ್ನ ಕೈಗೆ ಆವತ್ತಿನವರೆಗೆ ಸಿಕ್ಕಿದ ದೊಡ್ಡ ಹೊಗಳಿಕೆ ಅದು. ನನ್ನದಲ್ಲ ಎನ್ನುವ ಷರತ್ತಿನ ಮೇಲೆ ಸಿಕ್ಕಿತು.

ಅವರು ಹೋದಮೇಲೆ ಅಡುಗೆಮನೆಯಲ್ಲಿ ನಾನು ಪಾತ್ರೆಗಳನ್ನು ಬೇಕೆಂದೇ ಜೋರಾಗಿ ಇಡುತ್ತಿದ್ದೆ.

“ತಪ್ಪಲೇ ನಗ್ಗಿ ಹೋಗ್ತದೆ” ಎಂದರು ಅತ್ತೆಮ್ಮ. “ಏನಾಯ್ತೀಗ?”

“ಸತ್ತೋದೋರಿಗೆ ಕೊಟ್ರಲ್ಲ ನನ್ ಪದಾನ.”

“ಕೊಟ್ಟೆ. ನಿಂದು ಅಂದ್ರೆ ನಾಳೆ ಹಸೆ ಮುಂದೆ ಯಾರೇ ಹೇಳ್ತಾರೆ ಅದನ್ನ? ಅವ್ಳು ಕಟ್ಟಿದ್ದಂತೆ, ಬ್ಯಾಡ ಕಣ್ರೇ ಅಂತಾರೆ. ನಿಂಗೆ ಪದ ಬೇಕೋ, ಪದದ್ ಮೇಲೆ ನಿನ್ ಹೆಸ್ರು ಬೇಕೋ?”

“ಎರಡೂ ಬೇಕು ಅತ್ತೆಮ್ಮ.”

“ಎರಡೂ ಸಿಗಾಕಿಲ್ಲ.”

“ಯಾಕೆ ಸಿಗಲ್ಲ?”

ಅವರು ರಾಗಿಹಿಟ್ಟಿನ ಡಬ್ಬ ಎತ್ತಿಕೊಂಡು ಅತ್ತ ಹೋದರು. ರಾತ್ರಿ ಊಟಕ್ಕೆ ಬಂದ ಗಂಡನಿಗೆ ಎಲ್ಲ ಹೇಳಿದೆ. “ಹೆಸ್ರು ತಾನೇ ಬೇಕು? ಅಂಗಡಿ ಬೋರ್ಡ್ ಮೇಲೆ ಬರೆಸ್ತೀನಿ ಬಾ, ಇಂಥವ್ರ ಈರುಳ್ಳಿ ಅಂತ” ಎಂದು ನಕ್ಕರು. ನಾನು ನಗಲಿಲ್ಲ. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ, “ರೇಡಿಯೋಕ್ಕೆ ಹಾಡು ಕಟ್ಟೋರ್ನ ಕರೀತಾರಂತೆ. ಬರೆದ್ ಹಾಕು” ಎಂದರು.

ಬರೆದು ಹಾಕಿದೆ. ಪರೀಕ್ಷೆಗೆ ಕರೆದರು. ಗಾಜಿನ ಆಚೆ ಕೂತಿದ್ದವರಿಗೆ ಮೂರು ಪದ ಹೇಳಿದೆ, ಹೊಸ್ತಿಲಿನದೂ ಸೇರಿ. ಅವರಲ್ಲೊಬ್ಬರು ಕೇಳಿದರು, “ಅಮ್ಮ, ಇದು ಜನಪದ ಗೀತೆ ಅಲ್ವಾ? ನಮ್ಮಲ್ಲೇ ಬಂದಿದೆ. ಸ್ವಂತ ರಚನೆ ತಂದಿಲ್ವಾ?” ಮೇಷ್ಟ್ರ ಟೇಪು ನನಗಿಂತ ಮೊದಲು ಅಲ್ಲಿಗೆ ಮುಟ್ಟಿತ್ತು. ಇದೇ ಸ್ವಂತದ್ದು ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಳಿದೆರಡು ಪದಗಳು ‘ಜನಪದದ ಅನುಕರಣೆ’ ಎಂದು ಫೇಲಾದವು. ನನ್ನದೇ ಪದವನ್ನು ಕದ್ದವಳು, ನನ್ನನ್ನೇ ಅನುಕರಿಸಿದವಳು ಎಂದು ಅನ್ನಿಸಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟಿನಲ್ಲಿ ನನಗೆ ಸಾಲುಗಳು ಚೆನ್ನಾಗಿ ಬರುತ್ತವೆ. ಮನೆಗೆ ಬರುವಷ್ಟರಲ್ಲಿ ಒಂದು ಪದ ಆಗಿತ್ತು.

ಮೇಷ್ಟ್ರ ಪುಸ್ತಕ ಬಂತು. ಅದರ ಸಮಾರಂಭ ತರೀಕೆರೆಯಲ್ಲಿ, ಒಂದು ಶಾಲೆಯ ಹಾಲ್‌ನಲ್ಲಿ. (ನನ್ನ ಗಂಡ ಅದು ಕಡೂರು ಎನ್ನುತ್ತಾರೆ. ಕಡೂರೇ ಆಗಿದ್ದರೆ ಕಿಟಕಿಯಾಚೆ ನನಗೆ ಕಂಡ ಅಡಿಕೆ ಮಂಡಿ ಎಲ್ಲಿಂದ ಬಂತು? ನಾನು ತರೀಕೆರೆಯನ್ನೇ ಇಟ್ಟುಕೊಳ್ಳುತ್ತೇನೆ.) ಹಾಡಿದವರನ್ನೆಲ್ಲ ಕರೆದಿದ್ದರು. ಅತ್ತೆಮ್ಮ, ನಾನು, ಓಣಿಯ ಹೆಂಗಸರು ಮುಂದಿನ ಬೆಂಚಿನಲ್ಲಿ ಕೂತೆವು. ಜಡೆಗೆ ರಿಬ್ಬನ್ ಕಟ್ಟಿದ ಹುಡುಗಿಯರು ಹಾರ್ಮೋನಿಯಂ ಇಟ್ಟುಕೊಂಡು ಹೊಸ್ತಿಲ ಪದ ಹಾಡಿದರು. ಬಾಚಣಿಗೆ ಬಂತು. ಮುಂದಿನದಕ್ಕೆ ನಾನು ಕಾದೆ. ಬರಲಿಲ್ಲ. ಮದುಮಗಳು ಬಾಚಣಿಗೆ ತೆಗೆದುಕೊಂಡು, ನಾನು ಬರೆಯದ ಒಂದು ಸಾಲಿನಲ್ಲಿ ಅಪ್ಪ-ಅವ್ವನಿಗೆ ಕೈಮುಗಿದು, ಗಂಡನ ಮನೆಗೆ ಹೊರಟೇ ಹೋದಳು.

ಎದ್ದು ನಿಂತೆ. ಅತ್ತೆಮ್ಮ ಸೆರಗು ಹಿಡಿದು ಎಳೆದರು. “ಕೂತ್ಕಳೇ, ಜನ ನೋಡ್ತಾರೆ.”

“ನೋಡ್ಲಿ.”

ನಿಂತಲ್ಲಿಂದಲೇ ಸ್ಲೇಟು ಎತ್ತಿದೆ, ಟವಲು ಎತ್ತಿದೆ. ಹಿಂದೆ ಹೇಳುವವರಿಲ್ಲದೆ ಸೋಬಾನೆ ಹೇಳುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ಪ್ರತಿ ಸಾಲಿನ ಕೊನೆಗೂ ಇಡೀ ಹಾಲ್ ಖಾಲಿ ಖಾಲಿ. ಮುಗಿಸಿ, “ಇದನ್ನ ನಾನು ಕಟ್ಟಿದ್ದು. ಅಜ್ಜಂಪುರದಲ್ಲಿ ಕಟ್ಟಿದ್ದು. ಅವಳು ಇನ್ನೂ ಹೊರಟಿಲ್ಲ, ನೀವು ಕಳಿಸಬೇಡಿ” ಎಂದೆ.

ಮೇಷ್ಟ್ರು ಸಿಟ್ಟಾಗಲಿಲ್ಲ. ವೇದಿಕೆಯಿಂದ ಇಳಿದು ಹತ್ತಿರ ಬಂದರು. “ನೀವು ಕಟ್ಟಿದ್ದು ಅಂತ ನಾನು ಒಪ್ಪಿದರೆ ಇದು ಜನಪದ ಅಲ್ಲ ಅಮ್ಮ. ಮುಂದಿನ ಮುದ್ರಣದಲ್ಲಿ ತೆಗೆಯಬೇಕಾಗುತ್ತೆ. ಯೋಚನೆ ಮಾಡಿ. ಈ ಪುಸ್ತಕದಿಂದ ನಾಡೆಲ್ಲ ಓದ್ತಾರೆ.”

“ತೆಗೀರಿ.”

ಅವರು ಹೇಳಿದ್ದರಲ್ಲಿ ಸತ್ಯ ಇತ್ತು. ಆ ಪೆಟ್ಟಿಗೆ ಹೊತ್ತು ಅವರು ಬರದೇ ಇದ್ದಿದ್ದರೆ ಪದ ನಮ್ಮ ಸೀಮೆ ದಾಟುತ್ತಿರಲಿಲ್ಲ. ಸತ್ಯ ಇತ್ತು ಎಂದ ಮಾತ್ರಕ್ಕೆ ನಾನು ಕೂರಬೇಕಿತ್ತೇ? ಮುಂದಿನ ಮುದ್ರಣದಲ್ಲಿ ಅದು ಇರಲಿಲ್ಲ. ಮಾತಿಗೆ ತಪ್ಪದ ಮನುಷ್ಯ.

ಅತ್ತೆಮ್ಮ ಹೇಳಿದ್ದೂ ಆಯಿತು. ಸುದ್ದಿ ನಮಗಿಂತ ಮೊದಲು ಅಜ್ಜಂಪುರ ಮುಟ್ಟಿತ್ತು. ಹೊಸ್ತಿಲ ಪದ ಹಸೆಯಿಂದ ಎದ್ದುಹೋಯಿತು. ಯಾರೂ ಜಗಳ ಆಡಲಿಲ್ಲ, ಸುಮ್ಮನೆ ಹೇಳುವುದನ್ನು ಬಿಟ್ಟರು. ಪುಸ್ತಕದಲ್ಲಿಲ್ಲ, ರೇಡಿಯೋದಲ್ಲಿಲ್ಲ, ಮದುವೆಯಲ್ಲಿಲ್ಲ. ಅದರ ಮೇಲೆ ಅಮೃತಾಪುರದ ಒಬ್ಬ ಅಜ್ಜಿ ನನ್ನನ್ನು ಸಂತೆಯಲ್ಲಿ ನಿಲ್ಲಿಸಿ, “ಬಾಚಣಿಗೆ ಸಾಲು ನಮ್ಮವ್ವ ಹೇಳೋಳು ಕಣೇ, ನಾನು ಸಣ್ಣೋಳಿದ್ದಾಗ. ಆಣೆ ಮಾಡ್ತೀನಿ ಬೇಕಾದ್ರೆ” ಎಂದಳು. ಅವಳಿಗೆ ಸುಳ್ಳು ಹೇಳುವ ಅಗತ್ಯ ಇರಲಿಲ್ಲ. ಹಾಗಾದರೆ ಮೇಷ್ಟ್ರು ಉಳಿಸಿಕೊಂಡಿದ್ದ ಒಂದೇ ನುಡಿ ನನ್ನದಾಗಿರಲಿಲ್ಲವೇ? ಯಗಟಿಯಲ್ಲಿ ಯಾವುದೋ ಮದುವೆಯಲ್ಲಿ, ಯಾರದೋ ತೊಡೆಯ ಮೇಲೆ ನಿದ್ದೆಗಣ್ಣಿನಲ್ಲಿ, ನಾನು ಅದನ್ನು ಕೇಳಿದ್ದೆನೇ? ಗೊತ್ತಿಲ್ಲ. ಗೊತ್ತಿದೆ ಎಂದು ಬರೆಯುವುದು ಸುಲಭ, ಬರೆಯುವುದಿಲ್ಲ. ಬಾಚಣಿಗೆಯನ್ನು ಬಿಟ್ಟುಕೊಡುತ್ತೇನೆ. ಸ್ಲೇಟು ಕೊಡುವುದಿಲ್ಲ. ಟವಲನ್ನು ಸುತರಾಂ ಕೊಡುವುದಿಲ್ಲ.

ಆಮೇಲೆ ನಡೆದದ್ದನ್ನು ಜನ ನನ್ನ ವೃತ್ತಿ ಎನ್ನುತ್ತಾರೆ. ಒಂದು ದಿನ ಕಡೂರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹುಡುಗಿ ಮನೆಗೆ ಬಂದು, “ಅಕ್ಕಾ, ನನ್ ಮದ್ವೆಗೆ ಕಟ್ಟಿದ ಪದಾನೇ ಬೇಕು. ನನ್ ಸೈಕಲ್ಲು ಬರ್ಬೇಕು ಅದ್ರಲ್ಲಿ” ಎಂದಳು. ಬಂದ ಪದದಲ್ಲಿ ಸೈಕಲ್ಲು ಇರಲಿಲ್ಲ. ಹಸೆಯ ಮುಂದೆ ಬೇಡ, ಚಪ್ಪರದಲ್ಲಿ ಹೇಳಿ ಎಂದರು ಅವಳ ಮನೆಯವರು. ಚಪ್ಪರದಲ್ಲಿ ಹೇಳಿದೆವು. ಅಲ್ಲಿಂದ ಒಬ್ಬೊಬ್ಬಳೇ ಹುಡುಗಿಯರು ಬಂದರು: ನರ್ಸು, ಟೈಪಿಂಗ್ ಕಲಿತವಳು, ಅಪ್ಪನ ಜೊತೆ ಕುರಿ ಕಾಯ್ದವಳು. ಪ್ರತಿಯೊಬ್ಬಳ ಹತ್ತಿರವೂ ಬಿಟ್ಟು ಹೋಗಲು ಮನಸ್ಸಿಲ್ಲದ ಒಂದು ವಸ್ತು ಇರುತ್ತಿತ್ತು. ಅದನ್ನು ಅವರ ಬಾಯಿಂದ ಹೊರಡಿಸುವುದೇ ಅರ್ಧ ಕೆಲಸ. ಮೊದಲು ಹೇಳುವ ವಸ್ತು ಯಾವಾಗಲೂ ಸುಳ್ಳು, ಕಾಫಿ ಆರಿದಮೇಲೆ ಬರುವುದು ನಿಜ. ನನ್ನದೊಂದು ಷರತ್ತು: ಪದ ಎತ್ತುವ ಮೊದಲು ಇದನ್ನು ಯಾರು ಕಟ್ಟಿದ್ದು ಎಂದು ಗಟ್ಟಿಯಾಗಿ ಹೇಳಬೇಕು. ಕಡೂರಿನ ಒಂದು ಪ್ರೆಸ್ಸಿನಲ್ಲಿ ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿಸಿದೆ, ಕಟ್ಟಿದವಳ ಹೆಸರು ರಕ್ಷಾಪುಟದ ಮೇಲೆಯೇ. ತಾಂಬೂಲದ ಜೊತೆ ಹಂಚುತ್ತಿದ್ದರು. ಕೆಲವರು ಆ ಹಾಳೆಯಲ್ಲಿ ಅಡಿಕೆ ಕಟ್ಟಿಕೊಂಡು ಹೋದದ್ದನ್ನೂ ನೋಡಿದ್ದೇನೆ. ಕಟ್ಟಿಕೊಳ್ಳಲಿ.

ಅತ್ತೆಮ್ಮ ಚಪ್ಪರದ ಪದಗಳಿಗೆ ಬರುತ್ತಿರಲಿಲ್ಲ. ಹಸೆಯ ಹತ್ತಿರವೇ ಕೂತಿರುತ್ತಿದ್ದರು. ಪದ ಬೇಕೋ ಹೆಸರು ಬೇಕೋ ಎನ್ನುವ ಆ ಮಾತನ್ನು ನಾವು ಮತ್ತೆ ಆಡಲೂ ಇಲ್ಲ.

ಎಂಬತ್ತರ ದಶಕದ ಕೊನೆಯ ಕಡೆ ನಮ್ಮ ಮನೆಯಲ್ಲೇ ಮದುವೆ, ನಾದಿನಿಯ ಮಗಳದು. ಬೆಳಿಗ್ಗೆ ಅರಿಸಿನ. ಅತ್ತೆಮ್ಮನ ದನಿ ಅಷ್ಟು ಹೊತ್ತಿಗೆ ಸಣ್ಣಗಾಗಿತ್ತು, ಆದರೂ ಎತ್ತಿಕೊಡುವವರು ಅವರೇ. ನಾನು ಎಂದಿನಂತೆ ಹಿತ್ತಲಿನ ಒಲೆಯ ಪಕ್ಕ ಇದ್ದೆ. ಬಂದ ಪದಗಳು ಒಂದೊಂದಾಗಿ ಮುಗಿದವು. ಆಮೇಲೆ, ಪಾತ್ರೆಗಳ ಸದ್ದಿನ ನಡುವೆ, ಸಾಲಿನ ಕೊನೆಯರ್ಧ ಬಂದು ಮುಟ್ಟಿತು: ತಿರುಗಿ ಬಂದಾಳೇ.

ಒಳಗೆ ಓಡಿದೆ. ಹಿಂದೆ ಹೇಳಬೇಕಾದ ಹೆಂಗಸರು ಬಾಯಿ ಮುಚ್ಚಿ ಕೂತಿದ್ದರು. ಒಬ್ಬಳು ಮೆಲ್ಲಗೆ, “ಅತ್ತೆಮ್ಮಾ, ಇದು ಕಟ್ಟಿದ್ದಲ್ವಾ?” ಎಂದಳು.

“ಕಟ್ಟಿದ್ದೇ” ಎಂದರು ಅತ್ತೆಮ್ಮ. “ಕಟ್ಟಿದೋಳು ನಮ್ಮನೇಲೇ ಅವ್ಳೆ. ಹೇಳ್ರೇ, ಅರಿಸ್ನ ಒಣಗ್ತದೆ.”

ಅರ್ಧ ಜನ ಹೇಳಿದರು. ಅರ್ಧ ಜನ ಹೇಳಲಿಲ್ಲ. ಒಬ್ಬಿಬ್ಬರು ಎದ್ದೂ ಹೋದರು. ಬಾಚಣಿಗೆ ಆಯಿತು, ಸ್ಲೇಟು ಆಯಿತು, ಟವಲು ಆಯಿತು. ಅತ್ತೆಮ್ಮ ಅಲ್ಲಿಗೆ ನಿಂತು, ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿದರು.

“ಮುಂದೆ ಏನ್ ಮರ್ತ್ಲೇ ಅವ್ಳು?”

ನಾದಿನಿ ಹೇಳುವ ಪ್ರಕಾರ ಅತ್ತೆಮ್ಮ ಹಾಗೆ ಕೇಳಲೇ ಇಲ್ಲ, ಕೆಮ್ಮು ಬಂದು ನಿಲ್ಲಿಸಿದರು ಅಷ್ಟೇ. ಇರಬಹುದು. ನನಗೆ ಕೇಳಿಸಿದ್ದನ್ನು ನಾನು ಬರೆಯುತ್ತಿದ್ದೇನೆ.

ಮುಂದಿನ ನುಡಿ ಇತ್ತು, ಹಿಂದೆ ಕಟ್ಟಿದ್ದೆ. ಎಷ್ಟು ತಡಕಿದರೂ ಸಿಗಲಿಲ್ಲ. ಹಸೆಯ ಮೇಲಿನ ಹುಡುಗಿಯ ಮುಖ ನೋಡಿದೆ. ಅವಳ ಕೆನ್ನೆಯ ಮೇಲೆ ಅರಿಸಿನ, ಉಗುರಿನ ಸಂದಿಯಲ್ಲಿ ಹಿಂದಿನ ದಿನ ನಮ್ಮ ಜೊತೆ ಕೂತು ಬಿಡಿಸಿದ ಈರುಳ್ಳಿಯ ಕೆಂಪು. ಆ ಕೆಂಪಿನಿಂದಲೇ ಹೊಸ ನುಡಿ ಎತ್ತಿಕೊಟ್ಟೆ. ಹಿಂದೆ ಹೇಳುವವರಿಗೆ ಒಂದು ಕ್ಷಣ ತಡವಾಯಿತು, ಆಮೇಲೆ ಸಿಕ್ಕಿತು. ಅತ್ತೆಮ್ಮನೂ ಹೇಳಿದರು, ನನ್ನ ಹಿಂದೆ.